ಪಾಠ ಮಾಡದೆಯೂ ವಿಶ್ವವಿದ್ಯಾಲಯದಲ್ಲಿ ಕೆಲಸ

ಪ್ರಶ್ನೆ: ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಆಗಿದೆ, ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಆಗಿಲ್ಲ. ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಗಳಿಗೆ ಅರ್ಜಿ ಹಾಕಬಹುದೆ?

ಉತ್ತರ: ಧಾರಾಳವಾಗಿ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಹುದ್ದೆಗೆ ಮಾತ್ರ ನೆಟ್ ಅಥವಾ ಗೇಟ್ (ಎಂಜಿನಿಯರಿಂಗ್, ವಿಜ್ಞಾನ ಪದವೀಧರರ ಅರ್ಹತಾ ಪರೀಕ್ಷೆ) ಕೇಳುತ್ತಾರೆ. ಕೇಂದ್ರದ ಅನುದಾನದ ಯೋಜನೆಗಳಲ್ಲಿ ಅದಕ್ಕೆ 2023ರ ಜನವರಿಯಿಂದ ತಿಂಗಳಿಗೆ 37,000 ರೂ., ಜೊತೆಗೆ ಮನೆ ಬಾಡಿಗೆ ಭತ್ಯೆ. ಪ್ರಾಜೆಕ್ಟ್ ಅಸಿಸ್ಟೆಂಟ್, ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆಗಳಿಗೆ ಅನೇಕ ಕಡೆ ನೆಟ್ ಕಡ್ಡಾಯವಲ್ಲ, ಸಂಬಳ ಕಡಿಮೆ ಅಷ್ಟೆ. ಜಾಹೀರಾತಿನಲ್ಲಿ ‘ಕನ್ಸಾಲಿಡೇಟೆಡ್’ (ಎಲ್ಲ ಸೇರಿದ ಒಟ್ಟು ಸಂಬಳ) ಎಂದಿದ್ದರೆ ಭತ್ಯೆ ಬೇರೆ ಸಿಗದು.

ಸೇರುವ ಮೊದಲು ಯೋಜನೆ ಮುಗಿಯುವ ತಾರೀಖು ಕೇಳಿ. ಮೂರು ವರ್ಷದ ಯೋಜನೆಯಲ್ಲಿ ಎರಡು ವರ್ಷ ಕಳೆದಿದ್ದರೆ ನಿಮಗೆ ಉಳಿಯುವುದು ಒಂದೇ. ಅನುದಾನದ ಕಂತು ತಡವಾದರೆ ಸಂಬಳವೂ ತಡ, ಇದು ಅಪರೂಪವೇನಲ್ಲ.

ಅರ್ಜಿಯಲ್ಲಿ ‘ಎಚ್‌ಪಿಎಲ್‌ಸಿ ಗೊತ್ತು’ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಎಂದು ಬರೆದರೆ ಸಾಲದು. ಯಾವ ಕಾಲಂ, ಯಾವ ಮೊಬೈಲ್ ಫೇಸ್, ಎಂಥ ಸ್ಯಾಂಪಲ್ ಎಂದು ಒಂದು ಸಾಲು ಬರೆಯಿರಿ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. ವಾಕ್-ಇನ್‌ಗೆ (ನೇರ ಸಂದರ್ಶನಕ್ಕೆ) ಮೂಲ ಅಂಕಪಟ್ಟಿ, ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸಿದ ಪತ್ರ ಒಯ್ಯಿರಿ. ಈ ಪತ್ರವಿಲ್ಲದೆ ಬಾಗಿಲಲ್ಲೇ ವಾಪಸಾದವರಿದ್ದಾರೆ. ಪ್ರಯಾಣ ಭತ್ಯೆ ಸಾಮಾನ್ಯವಾಗಿ ಕೊಡುವುದಿಲ್ಲ.

ಪ್ರಶ್ನೆ: ನಾನು ಬಿ.ಕಾಂ. ನನಗೇನಾದರೂ ಉಂಟೆ?

ಉತ್ತರ: ಯೋಜನೆಗಳ ಲೆಕ್ಕ ನೋಡುವವರು ಬೇಕೇ ಬೇಕು. ಜೆಮ್ ಪೋರ್ಟಲ್‌ನಲ್ಲಿ (ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆ) ಖರೀದಿ, ಟ್ಯಾಲಿ ಲೆಕ್ಕದ ತಂತ್ರಾಂಶ, ಬಾಬುವಾರು ಖರ್ಚಿನ ಪಟ್ಟಿ, ಮಾರ್ಚ್ 31ರ ನಂತರ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯ ಹಣಬಳಕೆ ಪ್ರಮಾಣಪತ್ರ: ಇಷ್ಟು ಬಲ್ಲವರು ಸಿಗುವುದು ಕಷ್ಟ. ಉಪಕರಣದ ಬಾಬಿನ ಹಣವನ್ನು ಒಪ್ಪಿಗೆಯಿಲ್ಲದೆ ಬಳಸಿ ಮುಗಿಯುವ ಸಾಮಗ್ರಿಗೆ ಖರ್ಚು ಮಾಡಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ, ಮುಂದಿನ ಕಂತೂ ನಿಲ್ಲಬಹುದು. ಸಂದರ್ಶನದಲ್ಲಿ ಈ ಎರಡು ಬಾಬುಗಳ ವ್ಯತ್ಯಾಸ ವಿವರಿಸಿ ಹೇಳಿ.