ಸ್ಕಾಟ್ಲೆಂಡಿನ ಅಕಾರ್ಡಿಯನ್–ಫಿಡಲ್ ಸ್ಪರ್ಧೆಗಳಲ್ಲಿ ಮಾರ್ಚ್, ಸ್ಟ್ರಾತ್‌ಸ್ಪೇ, ರೀಲ್ ಮೂರನ್ನೂ ಒಂದರ ಹಿಂದೊಂದು ನುಡಿಸುವುದೇಕೆ?

ಮೂರು ಬೇರೆ ಬೇರೆ ಲಯಗಳಲ್ಲಿ ವಾದಕರ ಹಿಡಿತ ಎಷ್ಟಿದೆ ಎಂದು ಒಂದೇ ಪಟ್ಟಿಗೆ ತಿಳಿಯಲಿ ಎಂದು. ಮಾರ್ಚ್ ಹೆಜ್ಜೆ ಹಾಕುವ ನಡೆ, ರೀಲ್ ಓಡುವ ಕುಣಿತ. ನಡುವಿನ ಸ್ಟ್ರಾತ್‌ಸ್ಪೇಯೇ ನಿಜವಾದ ಒರೆಗಲ್ಲು.

ಇದು ನಾಲ್ಕು ಪೆಟ್ಟಿನ, ರೀಲ್‌ಗಿಂತ ನಿಧಾನವಾದ ಕುಣಿತದ ಧಾಟಿ. ಇದರ ಜೀವ ‘ಸ್ಕಾಚ್ ಸ್ನ್ಯಾಪ್’ನಲ್ಲಿದೆ: ಪೆಟ್ಟು ಬೀಳುವಲ್ಲೇ ಗಿಡ್ಡ ಸ್ವರ, ಅದರ ಬೆನ್ನಿಗೇ ಉದ್ದ ಸ್ವರ. ಫಿಡಲ್‌ನಲ್ಲಿ (ವಾದ್ಯ ನಮ್ಮ ಪಿಟೀಲೇ) ಕಮಾನಿನ ಚುರುಕು ಎಳೆತದಿಂದ ಈ ಝಟಕಾ ಹುಟ್ಟುತ್ತದೆ. ಸ್ಕಾಟ್ಲೆಂಡಿನ ಫಿಡಲ್ ವಾದಕ ನೀಲ್ ಗೌ (1727–1807) ಹೆಸರಾದದ್ದೇ ಇಂಥ ಕಮಾನಿಗೆ. ತಿದಿಯನ್ನು ಎಳೆದು ಒತ್ತಿ ನುಡಿಸುವ ಅಕಾರ್ಡಿಯನ್‌ಗೆ ವಿಯೆನ್ನಾದಲ್ಲಿ ಪೇಟೆಂಟ್ ಸಿಕ್ಕಿದ್ದು 1829ರಲ್ಲಿ. ಅಷ್ಟರಲ್ಲಿ ಶೈಲಿ ಗಟ್ಟಿಯಾಗಿತ್ತು. ಹಾಗಾಗಿ ಕಮಾನು ಮಾಡುವ ಕೆಲಸವನ್ನು ಅಕಾರ್ಡಿಯನ್ ನುಡಿಸುವವರು ತಿದಿಯ ಒತ್ತಡದಿಂದ, ಬೆರಳನ್ನು ಥಟ್ಟನೆ ಎತ್ತುವುದರಿಂದ ಸಾಧಿಸಬೇಕು. ಒತ್ತಿದರೆ ಒರಟು, ಸಡಿಲಬಿಟ್ಟರೆ ಸಪ್ಪೆ.

ರೀಲ್‌ನ ವೇಗಕ್ಕೆ ಸಭೆ ಚಪ್ಪಾಳೆ ತಟ್ಟೀತು. ತೀರ್ಪು ಕೊಡುವುದು ನಾನಾದರೆ ಅದಕ್ಕೆ ಮುಂಚೆ, ಸ್ಟ್ರಾತ್‌ಸ್ಪೇಯಲ್ಲೇ ತೀರ್ಮಾನಕ್ಕೆ ಬಂದಿರುತ್ತೇನೆ.