ಕಡಲ ಕಟ್ಟೆ: ದುಡ್ಡು ಕೊಟ್ಟು ಒದ್ದೆಯಾಗುವ ಆಟ

ಪ್ರಶ್ನೆ: ನಮಸ್ಕಾರ ಅಣ್ಣ. ನನ್ನ ಮಗ ಸಿಡ್ನಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಎರಡು ವರ್ಷದಿಂದ ಹಾಯಿದೋಣಿಯ ಹುಚ್ಚು. ಈ ಡಿಸೆಂಬರಿನಲ್ಲಿ ಹೋಬಾರ್ಟ್ ರೇಸಿಗೆ ಹೋಗ್ತೀನಿ ಅಂತ ಕೂತಿದ್ದಾನೆ. ಯೂಟ್ಯೂಬಿನಲ್ಲಿ ಆ ಅಲೆಗಳನ್ನು ನೋಡಿದ ಮೇಲೆ ನನಗೆ ನಿದ್ದೆ ಇಲ್ಲ. ಏನಿದೆ ಅಂತ ಇದಕ್ಕೆ ಹೋಗ್ತಾರೆ? ಬೇಡ ಅಂದುಬಿಡಲಾ?
– ಒಬ್ಬ ತಾಯಿ, ಡೊಂಬಿವಿಲಿ

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿ ನನ್ನ ಹೆಂಡತಿ "ಇದಕ್ಕೆ ಉತ್ತರ ನಾನು ಬರೀತೀನಿ, ಕೊಡಿ ಇಲ್ಲಿ" ಅಂದಳು. ಇಪ್ಪತ್ತೆರಡು ವರ್ಷದಿಂದ ನಾನು ಭಾನುವಾರ ಬೆಳಿಗ್ಗೆ ಕೊಲಾಬಾಕ್ಕೆ ಹಾಯಿದೋಣಿ ನಡೆಸಲು ಹೋಗಿ, ಸಂಜೆ ಉಪ್ಪು ಮೆತ್ತಿದ ಬಟ್ಟೆ ತಂದು ಅವಳ ಬಕೆಟ್ಟಿಗೆ ಹಾಕುತ್ತಿದ್ದೇನೆ. ಕೊಟ್ಟಿದ್ದರೆ ಅವಳ ಉತ್ತರ ಒಂದೇ ಪದದಲ್ಲಿ ಮುಗಿಯುತ್ತಿತ್ತು.

ಮೊದಲು ಅಪಾಯದ ಮಾತು. ಮುಚ್ಚಿಟ್ಟರೆ ನೀವು ಯೂಟ್ಯೂಬಿನಲ್ಲಿ ಹುಡುಕಿಯೇ ಹುಡುಕುತ್ತೀರಿ. ಈ ರೇಸ್ ಶುರುವಾಗಿದ್ದು 1945ರಲ್ಲಿ. ಪ್ರತಿ ಡಿಸೆಂಬರ್ 26ಕ್ಕೆ ಸಿಡ್ನಿಯಿಂದ ಹೊರಟು ತಾಸ್ಮೇನಿಯಾದ ಹೋಬಾರ್ಟ್ ತಲುಪಬೇಕು. 628 ನಾಟಿಕಲ್ ಮೈಲಿ, ಅಂದರೆ 1,160 ಕಿ.ಮೀ.ಗೂ ಜಾಸ್ತಿ. ನಡುವೆ ಬಾಸ್ ಜಲಸಂಧಿ ಇದೆ. ಅಲ್ಲಿ ಕಡಲು ಆಳವಿಲ್ಲ. ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಬಿರುಗಾಳಿ ದಕ್ಷಿಣದ ಕಡೆಯಿಂದಲೇ ಎದುರು ಬರುತ್ತದೆ. ನೀರು ಒಂದು ಕಡೆ, ಗಾಳಿ ಅದಕ್ಕೆ ಎದುರು ಅಂದರೆ ಅಲೆ ಹಾಸಿಕೊಳ್ಳುವುದಿಲ್ಲ, ಗೋಡೆ ಥರ ಎದ್ದು ನಿಲ್ಲುತ್ತದೆ. 1998ರಲ್ಲಿ ಗಾಳಿ ಗಂಟೆಗೆ 120 ಕಿ.ಮೀ. ದಾಟಿತು. 115 ದೋಣಿ ಹೊರಟವು, 44 ತಲುಪಿದವು. ಐದು ಮುಳುಗಿದವು. 55 ಮಂದಿಯನ್ನು ಕಡಲಿಂದ ಎತ್ತಿ ಉಳಿಸಿದರು. ಆರು ಮಂದಿ ಸತ್ತರು. 2024ರಲ್ಲೂ ಎರಡು ಬೇರೆ ಬೇರೆ ದೋಣಿಗಳಲ್ಲಿ ಒಬ್ಬೊಬ್ಬರು ಹೋದರು.

ಇಷ್ಟು ಗೊತ್ತಿದ್ದೂ ಯಾಕೆ ಹೋಗುತ್ತಾರೆ? ನನ್ನದೇ ಒಂದು ಪೆದ್ದುತನ ಹೇಳುತ್ತೇನೆ.

ಒಂಬತ್ತು ವರ್ಷದ ಹಿಂದೆ, ಮೇ ತಿಂಗಳ ಕೊನೆ. ಮುಂಬೈಯ ಎದುರು ದಡದ ಮಾಂಡವಾದಿಂದ ವಾಪಸ್ ಬರುತ್ತಿದ್ದೆವು, ನಾಲ್ಕು ಜನ. ಇಳಿತದ ನೀರು ಹೊರಗೆ ಓಡುತ್ತಿತ್ತು. ಪ್ರಾಂಗ್ಸ್ ದೀಪಸ್ತಂಭದ ಆಚೆ ಮೋಡ ಕಪ್ಪಾಯಿತು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಜೊತೆಗಿದ್ದ ಹುಡುಗ "ಅಂಕಲ್, ರೀಫ್ ಹಾಕೋಣ್ವಾ?" ಅಂದ. ರೀಫ್ ಅಂದರೆ ದೊಡ್ಡ ಹಾಯಿಯನ್ನು ಸ್ವಲ್ಪ ಇಳಿಸಿ, ಕೆಳಭಾಗ ಕಟ್ಟಿ ಚಿಕ್ಕದು ಮಾಡುವುದು. "ಬೇಡ, ಇನ್ನು ಹತ್ತು ನಿಮಿಷ" ಅಂದೆ. ಕಾರಣ ಇಷ್ಟೇ: ಹಿಂದೆ ಇನ್ನೊಂದು ದೋಣಿ ಬರುತ್ತಿತ್ತು. ಅದು ರೇಸ್ ಕೂಡ ಅಲ್ಲ, ಸುಮ್ನೆ ಭಾನುವಾರದ ತಿರುಗಾಟ!

ಗಾಳಿ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಅವತ್ತು ಅಂಗೈಯಲ್ಲಿ ಓದಿದೆ. ದೋಣಿ ಒಂದೇ ಪಕ್ಕಕ್ಕೆ ಒರಗಿತು. ಮಾಟುಂಗದಿಂದ ತಂದ ಇಡ್ಲಿಯ ಸ್ಟೀಲ್ ಡಬ್ಬ ನನ್ನ ಕಾಲ ಹತ್ತಿರ ತೇಲುತ್ತಿತ್ತು. ಹಾಯಿಯ ಹಗ್ಗ ಸಡಿಲಿಸಲು ಹೋದೆ. ಅದು ಎಡಗೈಯಿಂದ ಸರ್ರನೆ ಓಡಿ ಚರ್ಮ ಸುಲಿದುಕೊಂಡು ಹೋಯಿತು. ಗುರುತು ಇನ್ನೂ ಇದೆ. ಆಮೇಲೆ ಹೊಸ ಧೋತರ ಹರಿದ ಶಬ್ದ. ದೊಡ್ಡ ಹಾಯಿ ಹೊಲಿಗೆಯುದ್ದಕ್ಕೂ ಬಿಚ್ಚಿಕೊಂಡಿತ್ತು. ಆ ಹುಡುಗ ಯಾರೂ ಹೇಳದೆ ಬೆಲ್ಟಿನ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿಕೊಂಡು, ಮೊಣಕಾಲ ಮೇಲೆ ತೆವಳುತ್ತಾ ಹಾಯಿ ಕಟ್ಟುವ ಕೂವೆಮರದ ಹತ್ತಿರ ಹೋಗಿ ಅದನ್ನು ಇಳಿಸಿದ. ಮುಂದಿನ ಚಿಕ್ಕ ಹಾಯಿಯಲ್ಲಿ ಮನೆ ಸೇರಿದೆವು.

ಆ ಇಪ್ಪತ್ತು ನಿಮಿಷ ನನ್ನ ತಲೆಯಲ್ಲಿ ಆಫೀಸು ಇರಲಿಲ್ಲ, ಮನೆಸಾಲದ ಕಂತು ಇರಲಿಲ್ಲ, ಮೊಣಕಾಲ ನೋವೂ ಇರಲಿಲ್ಲ. ಮುಂದಿನ ಅಲೆ ಮತ್ತು ಆ ಹುಡುಗನ ಕೈ, ಎರಡೇ ಇದ್ದವು. ಇಂಥದ್ದು ರೇಸಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ನಾಲ್ಕು ಗಂಟೆ ಕೆಲಸ, ನಾಲ್ಕು ಗಂಟೆ ನಿದ್ದೆ. ಇನ್ನೊಬ್ಬ ಎದ್ದುಹೋದ ಬೆಚ್ಚನೆ ಜಾಗದಲ್ಲಿ ಒದ್ದೆ ಬಟ್ಟೆಯಲ್ಲೇ ಮಲಗುವುದು. ಎದ್ದು ಬಂದರೆ, ದೋಣಿಯ ಎತ್ತರದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸಾಲಾಗಿ ಕೂತು ಮೈಯ ತೂಕ ಕೊಡುವುದು. ಡೊಂಬಿವಿಲಿ ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ ನೇತಾಡಿ ಬೆಳೆದವನಿಗೆ ಇದೇನು ಹೊಸದಲ್ಲ ಬಿಡಿ. ರಾತ್ರಿ ಮೂರಕ್ಕೆ ಯಾರೋ ಮಗ್ಗಿನಲ್ಲಿ ಅರ್ಧ ಚೆಲ್ಲಿದ ಟೀ ಕೊಡುತ್ತಾನೆ. ಅಂಥ ಟೀ ಊರಲ್ಲಿ ಸಿಗುವುದಿಲ್ಲ. ಇದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುವುದಿಲ್ಲ.

ಬೇಡ ಅನ್ನಬೇಡಿ. ಪ್ರಶ್ನೆ ಕೇಳಿ. ದೋಣಿಯ ಕ್ಯಾಪ್ಟನ್ ಯಾವಾಗಲಾದರೂ ರೇಸ್ ಅರ್ಧಕ್ಕೆ ಬಿಟ್ಟು ವಾಪಸ್ ಬಂದಿದ್ದಾರಾ? ಹೌದು ಅಂದರೆ ನನಗೆ ಅವರ ಮೇಲೆ ನಂಬಿಕೆ ಜಾಸ್ತಿ. ಮಗ ಕಡಲಿನಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿ ಮಾಡಿದ್ದಾನಾ? ಕತ್ತಲಲ್ಲಿ ಮೇಲೆ ಬರುವಾಗ, ಹೊರಗೆ ಕಾಲಿಡುವ ಮೊದಲೇ ಕೊಕ್ಕೆ ಸಿಕ್ಕಿಸಿಕೊಳ್ಳುತ್ತಾನಾ? 1998ರ ನಂತರ ನಿಯಮ ಬಿಗಿಯಾಗಿದೆ. ಬಾಸ್ ಜಲಸಂಧಿಗೆ ಇಳಿಯುವ ಮೊದಲು ಗ್ರೀನ್ ಕೇಪ್ ಹತ್ತಿರ ಪ್ರತಿ ದೋಣಿಯೂ ರೇಡಿಯೊದಲ್ಲಿ "ನಾವು ಮುಂದೆ ಹೋಗಲು ಸರಿಯಾಗಿದ್ದೇವೆ" ಅಂತ ಹೇಳಬೇಕು. ಆ ಮಾತನ್ನು ಅವನ ಕ್ಯಾಪ್ಟನ್ ಸುಮ್ನೆ ಬಾಯಿಪಾಠ ಒಪ್ಪಿಸುತ್ತಾರಾ, ಎಲ್ಲರನ್ನೂ ಕೇಳಿ ಹೇಳುತ್ತಾರಾ, ಅದನ್ನೂ ಕೇಳಿ.

ಪ್ರಶ್ನೆ: ದೋಣಿ ಪೂರ್ತಿ ಮಗುಚಿದರೆ ಕಥೆ ಮುಗೀತಾ ಸರ್?
– ಕಾಲೇಜು ವಿದ್ಯಾರ್ಥಿ, ವಾಶಿ

ಉತ್ತರ: ಇಲ್ಲಪ್ಪ. ದೋಣಿಯ ಅಡಿಯಲ್ಲಿ ಸೀಸ ಅಥವಾ ಕಬ್ಬಿಣದ, ಕೀಲ್ ಅನ್ನುವ ಭಾರವಾದ ರೆಕ್ಕೆ ಇರುತ್ತದೆ. ತಳದಲ್ಲಿ ಭಾರವಿರುವ ಬೊಂಬೆ ತಳ್ಳಿದರೂ ಎದ್ದು ನಿಲ್ಲುತ್ತದಲ್ಲ, ಹಾಗೆ. 1979ರಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ರೇಸಿನಲ್ಲಿ 303 ದೋಣಿ ಹೊರಟು ಬಿರುಗಾಳಿಗೆ ಸಿಕ್ಕವು. ಸ್ಪರ್ಧಿಗಳಲ್ಲೇ 15 ಮಂದಿ ಸತ್ತರು. 24 ದೋಣಿಗಳನ್ನು ಜನ ಬಿಟ್ಟು ಹೋದರು, ಆದರೆ ಮುಳುಗಿದ್ದು ಐದೇ. ಅದಕ್ಕೇ, ದೋಣಿ ತೇಲುತ್ತಿರುವಾಗ ರಬ್ಬರ್ ತೆಪ್ಪಕ್ಕೆ ಇಳಿದು ಹೋಗಬೇಡ, ದೋಣಿ ಮುಳುಗಿ ತೆಪ್ಪಕ್ಕಿಂತ ಕೆಳಗಾದಾಗ ಮಾತ್ರ ಮೇಲಕ್ಕೆ ಹತ್ತಿ ಹೋಗು ಅಂತ ಈಗ ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ.

ಪ್ರಶ್ನೆ: ಇದೆಲ್ಲ ವಿದೇಶದವರ ಶೋಕಿ. ನಮ್ಮ ಮುಂಬೈಗೂ ಇದಕ್ಕೂ ಏನು ಸಂಬಂಧ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಮಾಟುಂಗ

ಉತ್ತರ: ಸ್ವಾಮಿ, ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿದ ಮೊದಲ ದೋಣಿ 'ಸುಹೈಲಿ'. ಅದನ್ನು ಕಟ್ಟಿದ್ದು ಇದೇ ಮುಂಬೈಯಲ್ಲಿ, ತೇಗದ ಮರದಲ್ಲಿ. ಉದ್ದ 32 ಅಡಿ. ರಾಬಿನ್ ನಾಕ್ಸ್-ಜಾನ್ಸ್‌ಟನ್ 1968ರ ಜೂನ್‌ನಲ್ಲಿ ಇಂಗ್ಲೆಂಡಿನಿಂದ ಹೊರಟು 312 ದಿನಕ್ಕೆ ವಾಪಸ್ ಬಂದರು. ಒಂಬತ್ತು ಜನ ಹೊರಟ ಆ 'ಗೋಲ್ಡನ್ ಗ್ಲೋಬ್' ರೇಸಿನಲ್ಲಿ ಮುಗಿಸಿದವರು ಅವರೊಬ್ಬರೇ. ಅದೇ ಮಾದರಿಯಲ್ಲಿ ಗೋವಾದಲ್ಲಿ ಕಟ್ಟಿದ 'ತುರಿಯಾ'ದಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ 2018ರಲ್ಲಿ ಅದೇ ಹೆಸರಿನ ರೇಸಿಗೆ ಹೊರಟರು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ದೋಣಿ ಉರುಳಿ ಕೂವೆಮರ ಮುರಿಯಿತು, ಬೆನ್ನುಮೂಳೆಗೆ ಪೆಟ್ಟು. ಮೂರು ದಿನ ಮಲಗಿದಲ್ಲೇ ಇದ್ದರು, ಫ್ರೆಂಚ್ ಹಡಗು ಬಂದು ಎತ್ತಿತು. 2022ರಲ್ಲಿ ಮತ್ತೆ ಅದೇ ರೇಸಿಗೆ ಹೊರಟು ಎರಡನೇ ಸ್ಥಾನ ಪಡೆದರು. ಮೊದಲು ಬಂದಾಕೆ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನೊಯ್‌ಶೇಫರ್. ಶೋಕಿ ಅನ್ನುವುದೂ ಪೂರ್ತಿ ಸುಳ್ಳಲ್ಲ, ಒಂದು ಹಾಯಿಯ ಬೆಲೆ ಕೇಳಿದರೆ ಬ್ಯಾಂಕಿನವರಾದ ನೀವೇ ಬೆಚ್ಚಿಬೀಳುತ್ತೀರಿ. ಆದರೆ ನನ್ನಜ್ಜ ಕುಂದಾಪುರದಿಂದ ಹಂಚು ತುಂಬಿದ ಮಂಜಿ ಅನ್ನುವ ಸರಕಿನ ಹಾಯಿದೋಣಿಯಲ್ಲಿ ಮುಂಬೈಗೆ ಬಂದವರು. ಅವರಿಗೆ ಹಾಯಿ ಶೋಕಿಯಾಗಿರಲಿಲ್ಲ.

ಪ್ರಶ್ನೆ: ಕಡಲಿನಲ್ಲಿ ವಾಂತಿಗೆ ಏನು ಮಾಡಬೇಕು?
– ಗೃಹಿಣಿ, ಠಾಣೆ

ಉತ್ತರ: ಮಾತ್ರೆ ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ತಗೊಳ್ಳಿ, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಕೆಳಗಿನ ಕೋಣೆಗೆ ಇಳಿಯಬೇಡಿ. ದೂರದ ಕಡಲಂಚು ನೋಡುತ್ತಿರಿ. ನನಗೆ ಒಣಶುಂಠಿ ಸಾಕು. ತಡೆಯಲಾಗದಿದ್ದರೆ ಗಾಳಿ ಬೀಸಿಹೋಗುವ ಕಡೆಗೆ ಬಾಗಿ. ಇದನ್ನು ಮರೆತವರ ಪಕ್ಕ ಕೂತಿದ್ದೇನೆ.

ಪ್ರಶ್ನೆ: ನನಗೆ 58. ಈ ಜೂನ್‌ನಿಂದ ಕಲಿಯಬಹುದಾ?
– ಓದುಗ, ಅಂಧೇರಿ

ಉತ್ತರ: ವಯಸ್ಸಿನ ಚಿಂತೆ ಬಿಡಿ, ತಿಂಗಳು ಬದಲಾಯಿಸಿ. ಮಳೆಗಾಲದಲ್ಲಿ ಇಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ಹೊದಿಸಿಡುತ್ತಾರೆ. ಮಾಂಡವಾದ ಲಾಂಚೂ ಬಂದ್. ನೂಲ ಹುಣ್ಣಿಮೆಗೆ ಇಲ್ಲಿನ ಕೋಳಿ ಸಮುದಾಯದ ಮೀನುಗಾರರು ಕಡಲಿಗೆ ತೆಂಗಿನಕಾಯಿ ಬಿಡಲಿ, ನೀವು ಅಕ್ಟೋಬರ್‌ನಲ್ಲಿ ಬನ್ನಿ. ಒಂದು ಜೊತೆ ಒಣಬಟ್ಟೆ ತನ್ನಿ. ಇಡ್ಲಿ ನಾನು ತರುತ್ತೇನೆ, ಡಬ್ಬವನ್ನು ಈಗೀಗ ದೋಣಿಗೆ ಕಟ್ಟಿಡುತ್ತೇನೆ.