ಮೂರಡಿ ಮಣ್ಣಿಗೆ 33 ಲೋಡು ಸಾಕಾಗುವುದಿಲ್ಲ

ಮನೆ ಕಟ್ಟಲು ಉಡುಪಿಯ ಕಾಪು ಕಡೆಯ ಐದು ಸೆಂಟ್ಸ್ ಬೈಲುಗದ್ದೆಯನ್ನು (ತಗ್ಗಿನ ಗದ್ದೆ) ಎತ್ತರಿಸಲು ಮೂರಡಿ ಮಣ್ಣು, 33 ಟಿಪ್ಪರ್ ಲೋಡು, ಜೆಸಿಬಿಯಲ್ಲೇ ತಟ್ಟಿಸಿ ಒಂದು ಮಳೆಗಾಲ ಬಿಟ್ಟು ಪಂಚಾಂಗ (ಮನೆಯ ತಳಪಾಯ) ಹಾಕುತ್ತೇವೆ ಎಂದು ಬರೆದಿದ್ದೀರಿ. ಮಾರಾಯ್ರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ಈ ಗುಂಪಿನಲ್ಲಿ ಇದೇ ಲೆಕ್ಕ ಮತ್ತೆ ಮತ್ತೆ ಬರುತ್ತಾ ಉಂಟು.

ಐದು ಸೆಂಟ್ಸ್ ಅಂದರೆ 2178 ಚದರಡಿ, ಅದಕ್ಕೆ ಮೂರಡಿ, 6534 ಸಿಎಫ್‌ಟಿ (ಘನ ಅಡಿ), ಲೋಡಿಗೆ 200 ಎಂದು ಭಾಗಿಸು. ಹೀಗಲ್ಲವಾ ನಿಮ್ಮ 33 ಬಂದದ್ದು? ಆ 6534 ಕುಟ್ಟಿ ಗಟ್ಟಿಯಾದ ಮೇಲಿನ ಅಳತೆ. ಟಿಪ್ಪರಿನಲ್ಲಿ ಬರುವುದು ಸಡಿಲ ಮಣ್ಣು, ಕಾಲುಭಾಗ ಹೆಚ್ಚು ಹಿಡಿಯಲೇಬೇಕು. ಗದ್ದೆಯ ಮೇಲಿನ ಅರ್ಧ ಅಡಿ ಕೆಸರು, ಬೇರು ಕೆರೆದು ತೆಗೆದರೆ ತುಂಬಿಸಬೇಕಾದ್ದು ಮೂರೂವರೆ ಅಡಿ, ಅಂದರೆ 7623. ಕಾಲುಭಾಗ ಸೇರಿಸಿದರೆ ಸುಮಾರು 9530. ಇನ್ನು '200ರ ಲೋಡು' ಎಂಬ ಮಾತನ್ನು ನಂಬಬೇಡಿ, ಟೇಪು ಹಿಡಿದು ಬಾಡಿಯ ಒಳಗಿನ ಅಳತೆ ತೆಗೆಯಿರಿ. 10 ಅಡಿ ಉದ್ದ, 6.5 ಅಗಲ, 2.75 ಎತ್ತರ ಇದ್ದರೆ 179 ಅಷ್ಟೆ. ಒಟ್ಟು 54 ಲೋಡು. ರೇಟನ್ನು ಲೋಡಿಗೆ ಮಾತಾಡಬೇಡಿ, ಸಿಎಫ್‌ಟಿಗೆ ಮಾತಾಡಿ. ಜೆಸಿಬಿ ಗಂಟೆ, ರೋಲರ್, ನೀರಿನ ಟ್ಯಾಂಕರ್, ತಡೆಗೋಡೆ ಎಲ್ಲದರ ಖರ್ಚೂ ಇದಕ್ಕೆ ಹೆಚ್ಚುವರಿ.

ಲೋಡಿಗೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆ ಎಂದವರ ಮಣ್ಣು ಎಲ್ಲಿಯದು ಎಂದು ಹೋಗಿ ನೋಡಿ. ನಮ್ಮಲ್ಲಿ ಗುಡ್ಡ ಕಡಿದರೆ ಮೇಲೆ ಮುರಕಲ್ಲು (ಕೆಂಪುಕಲ್ಲು), ಅದರಡಿ ಶೇಡಿ ಎಂಬ ನುಣುಪು ಜೇಡಿಮಣ್ಣು. ಬಿಳಿ, ನಸುಗೆಂಪು, ಹಳದಿ, ನೇರಳೆ ಬಣ್ಣದ್ದು. ಒಣಗಿದಾಗ ಗಟ್ಟಿ, ಗುದ್ದಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ನೀರು ಕುಡಿದರೆ ಬಲವೆಲ್ಲ ಹೋಗಿ ತಡೆಗೋಡೆಯ ಸಂದಿಯಿಂದ ಹಾಲಿನ ಹಾಗೆ ಹರಿದು ಹೋಗುತ್ತದೆ. ಪರೀಕ್ಷೆ ಸುಲಭ: ಒಣಗಿದ ಹೆಂಟೆಯೊಂದನ್ನು ಬಕೆಟ್ ನೀರಿಗೆ ಹಾಕಿ. ಸ್ವಲ್ಪ ಹೊತ್ತಿನಲ್ಲೇ ಕರಗಿ ಕುಸಿದರೆ ಆ ಗಾಡಿ ವಾಪಸ್. ಮುರದ ಚೂರು ಇರುವ ಕೆಂಪು ಮಣ್ಣೇ ಬೇಕು. ಮೊದಲ ಐದು ಲೋಡು ಒಳ್ಳೆಯದು ಹಾಕಿ ಮತ್ತೆ ಶೇಡಿ ಬೆರೆಸುತ್ತಾರೆ, ಹಾಗಾಗಿ ಮನೆಯವರೊಬ್ಬರು ಕೊನೆಯ ಲೋಡಿನವರೆಗೂ ಅಲ್ಲೇ ನಿಲ್ಲಬೇಕು. ಹಳೆ ಮನೆ ಒಡೆದ ಹಂಚು, ಗೋಡೆ ತುಂಡು ಫ್ರೀ ಸಿಕ್ಕಿದರೂ ಬೇಡ, ನಡುವೆ ಪೊಳ್ಳು ಉಳಿಯುತ್ತದೆ.

ಜೆಸಿಬಿ ಬಕೆಟಿನಲ್ಲಿ ತಟ್ಟಿದರೆ ಗಟ್ಟಿಯಾಗುವುದು ಮೇಲಿನ ನಾಲ್ಕು ಬೆರಳು. ಮೂರೂವರೆ ಅಡಿಯನ್ನು ಒಟ್ಟಿಗೆ ಸುರಿದು ಮೇಲೆ ರೋಲರ್ ಓಡಿಸಿದರೂ ಅದೇ ಕತೆ. 8-9 ಇಂಚು ಹರಡಿ, ನೀರು ಚಿಮುಕಿಸಿ, ವೈಬ್ರೇಟರ್ ರೋಲರ್ ಆರೆಂಟು ಸಲ ಓಡಿಸಿ, ಆಮೇಲೆ ಮುಂದಿನ ಪದರ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಕೈಗೆ ನೀರು ಬರಬಾರದು. ಮೂಲೆಗಳಿಗೆ ಪ್ಲೇಟ್ ಕಾಂಪ್ಯಾಕ್ಟರ್ ಸಾಕು, ಆದರೆ ಅದಕ್ಕೆ 4-5 ಇಂಚಿನ ಪದರವೇ ಆಗಬೇಕು. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಶುರು ಮಾಡಿ, ಪತ್ತನಾಜೆಗೆ (ಮೇ ಕೊನೆ, ಮಳೆಗಾಲದ ಹೊಸ್ತಿಲು) ತುಂಬಾ ಮೊದಲೇ ಮುಗಿಸಿ.

ಮಳೆ ಬಿದ್ದರೆ ಸಡಿಲ ಮಣ್ಣು ಒಂದಷ್ಟು ಕೂರುತ್ತದೆ, ಸರಿ. ಆದರೆ ಅಡಿಯಲ್ಲಿರುವ ಗದ್ದೆಯ ಜೇಡಿ, ಮೇಲಿನ ಭಾರಕ್ಕೆ ವರ್ಷಗಟ್ಟಲೆ ನಿಧಾನವಾಗಿ ತಗ್ಗುತ್ತದೆ. ಅದಕ್ಕೇ ಹಾಕಿದ ಮಣ್ಣಿನ ಮೇಲೆ ಪಂಚಾಂಗ ಕೂರಿಸಲೇಬಾರದು. ಮಣ್ಣು ಹಾಕುವ ಮೊದಲು ಗುಂಡಿ ತೋಡಿಸಿ ಗಟ್ಟಿ ನೆಲ ಎಷ್ಟು ಅಡಿಯಲ್ಲಿ ಸಿಗುತ್ತದೆ ಎಂದು ಇಂಜಿನಿಯರಿಗೆ ತೋರಿಸಿ. ಫೂಟಿಂಗ್ (ಕಂಬದ ಬುಡದ ಕಾಂಕ್ರೀಟ್), ಕಾಲಮ್ಮುಗಳನ್ನು (ಕಂಬ) ಪ್ಲಿಂತ್ ಬೀಮಿನವರೆಗೆ (ಮನೆಯ ನೆಲದ ಮಟ್ಟದ ತೊಲೆ) ಮೊದಲೇ ಏರಿಸಿ ಆಮೇಲೆ ಮಣ್ಣು ತುಂಬಿಸುವುದು ಇನ್ನೂ ಒಳ್ಳೆಯದು, ದುಡ್ಡು ಕೊಟ್ಟು ತುಂಬಿಸಿದ್ದನ್ನೇ ದುಡ್ಡು ಕೊಟ್ಟು ತೋಡುವುದು ತಪ್ಪುತ್ತದೆ. ಆಗ ಕಾಲಮ್ಮಿನ ಎಲ್ಲಾ ಬದಿಗೂ ಸಮವಾಗಿ ಏರಿಸಬೇಕು, ದೊಡ್ಡ ರೋಲರ್ ಹತ್ತಿರ ತರಬಾರದು.

ಕೆಂಪುಕಲ್ಲಿನ ಕಂಪೌಂಡಿಗೆ ಮಣ್ಣು ಒರಗಿಸಬೇಡಿ, ಅದು ತಡೆಗೋಡೆಯಲ್ಲ. ತಡೆಗೋಡೆ ಶಿಲೆಕಲ್ಲಿನದ್ದಾದರೆ ಅಡಿಪಾಯದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಬೇಡ. ನೀರು ಹೋಗಲು ಗೋಡೆಯಲ್ಲಿ ಐದೈದು ಅಡಿಗೆ 3 ಇಂಚಿನ ಪಿವಿಸಿ ಪೈಪಿನ ತುಂಡು ಹೊರಗೆ ಇಳಿಜಾರಾಗಿ ಇಡಿ, ಹಿಂದೆ ಒಂದಡಿ ಜಲ್ಲಿ. ಈ ತುಂಡಿಗೆ ಫಿನೋಲೆಕ್ಸೇ ಬೇಕು, ಸುಪ್ರೀಮೇ ಬೇಕು ಎಂದಿಲ್ಲ, ಆದರೆ ಮನೆಯ ಡ್ರೈನೇಜ್ ಪೈಪಿಗೆ ಕಂಪೆನಿ ಮಾಲೇ ಹಾಕಿ, ಅದನ್ನೂ ಮಣ್ಣು ಕೂತ ಮೇಲೆ ಕೊನೆಗೆ ಹೂಳಿ. ಪಕ್ಕದ ತೋಡು (ಹಳ್ಳ), ಕಣಿ (ಚರಂಡಿ) ಮುಚ್ಚಿದರೆ ನೀರು ನೆರೆಮನೆಗೆ ನುಗ್ಗುತ್ತದೆ, ಮತ್ತೆ ಜಗಳ, ದೂರು. ಕನ್ವರ್ಷನ್ (ಭೂಪರಿವರ್ತನೆ) ಆಗದ ಗದ್ದೆಗೆ ಒಂದು ಬುಟ್ಟಿ ಮಣ್ಣೂ ಹಾಕಬೇಡಿ, ಟಿಪ್ಪರಿನವರ ಹತ್ತಿರ ಮಣ್ಣು ಸಾಗಿಸುವ ಪರ್ಮಿಟ್ ಕೇಳಿ.

ಖರ್ಚು ಕೈಮೀರಿದರೆ ಇಡೀ ಜಾಗ ಎತ್ತರಿಸಲೇಬೇಕೆಂದಿಲ್ಲ. ಮನೆ ಬರುವ 1000 ಚದರಡಿಗೆ ಮಾತ್ರ ಪ್ಲಿಂತ್ ಎತ್ತರಿಸಿ, ಅಂಗಳವನ್ನು ರಸ್ತೆಗಿಂತ ಅರ್ಧ ಅಡಿ ಮೇಲೆ ತಂದರೆ ಸಾಕು. ರಸ್ತೆ ಪ್ರತಿ ಡಾಮರಿಗೂ ಏರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಳೆ ಬಾವಿ ಇದ್ದರೆ ಮೊದಲು ಕಟ್ಟೆ ಏರಿಸಿ, ಆಮೇಲೆ ಮಣ್ಣು. ಮಾವು, ಹಲಸಿನ ಬುಡಕ್ಕೆ ಮಣ್ಣು ತಾಗದಂತೆ ಸುತ್ತ ಕಲ್ಲಿನ ಬಳೆ ಕಟ್ಟಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ.